ಹಿಂದಿನ ಬೆಂಚು

ಬೆಟಗೇರಿಯ ಈ ಶಾಲೆಯಲ್ಲಿ ಐದನೇತ್ತದ ಹಿಂದಿನ ಬೆಂಚು
ನನ್ನ ಮೊಣಕಾಲಿಗೆ ಸಾಲದು.
ಓರೆಯಾಗಿ ಕೂತಿದ್ದೇನೆ, ತೊಡೆಯ ಮೇಲೆ ಅವಲೋಕನ ಪುಸ್ತಕ.
ಗೋಡೆಯಾಚೆ ಎಲ್ಲೋ ಒಂದು ಮಗ್ಗ
ಖಟ್-ಪಟ್, ಖಟ್-ಪಟ್,
ನಡುವೆ ನಿಂತು, ಮತ್ತೆ.

ನೀಲವ್ವ ಕಬ್ಬೇರ, ಡಿ.ಎಡ್. ಎರಡನೇ ವರ್ಷ, ಹನ್ನೊಂದನೇ ಪಾಠ.
ಸೀರೆಗೆ ನಾಲ್ಕು ಪಿನ್ನು ಹೆಚ್ಚಿಗೇ ಚುಚ್ಚಿಕೊಂಡಿದ್ದಾಳೆ.
ಮನೆಯಿಂದ ತಂದ ಖಡಕ್ ರೊಟ್ಟಿ ಎತ್ತಿ ಹಿಡಿದು
ಮುರಿದಳು: ಅರ್ಧ.
ಮತ್ತೆ ಮುರಿದಳು: ಕಾಲು.
ಖಡಕ್ ರೊಟ್ಟಿ ಯಾರ ಮಾತು ಕೇಳೀತು?
ಒಂದು ಕಾಲು ದೊಡ್ಡದಾಯಿತು, ಒಂದು ಸಣ್ಣದು,
ಒಂದಿಷ್ಟು ಪುಡಿ ಮುಂದಿನ ಸಾಲಿನ ಪಾಲು.

"ಯಾವುದು ದೊಡ್ಡದು, ಅರ್ಧನೋ ಕಾಲೋ?"
ನನ್ನ ಮುಂದೆ ಕೂತ ಹುಡುಗ ಎದ್ದ.
"ಕಾಲು ರೀ ಟೀಚರ್. ಅದರ ಕೆಳಗ ನಾಕ ಐತಿ,
ಅರ್ಧದ ಕೆಳಗ ಬರೇ ಎರಡು."
"ತಪ್ಪು. ಕುಂದ್ರು."
ಕೂತ. ಅಂಗಿಯ ಬೆನ್ನ ಹೊಲಿಗೆ ಬಿಚ್ಚಿತ್ತು.
ಆಮೇಲೆ ತಾಸು ಮುಗಿಯುವವರೆಗೂ
ಬೆಂಚಿನ ಮೇಲೆ ಉಗುರಿನಿಂದ ಗೆರೆ ಎಳೆಯುತ್ತಿದ್ದ.
ನಾನು ಬರೆದುಕೊಂಡೆ, ಕೆಂಪು ಪೆನ್ನಿನಲ್ಲಿ.

ಈಗ ಬೇವಿನ ಕಟ್ಟೆ, ನಾವಿಬ್ಬರೇ.
ಹಾಳೆಯಲ್ಲಿ ಇಪ್ಪತ್ತು ಕಲಮು:
ಪೀಠಿಕೆ, ಪ್ರಶ್ನೆ ಕೇಳುವ ಕೌಶಲ, ಹಲಗೆ, ಧ್ವನಿಯ ಏರಿಳಿತ.
ಅಂಕ ಹಾಕುವುದು ಸುಲಭ.
ಹೇಳುವುದಕ್ಕೆ ಎದುರಿಗೊಂದು ಮುಖ ಇರುತ್ತದೆ.

ನನಗೂ ಒಬ್ಬರು ಹೇಳಿದ್ದರು,
ಧಾರವಾಡದಲ್ಲಿ, ಎಂಬತ್ತೊಂಬತ್ತರ ಶ್ರಾವಣದಲ್ಲಿ, ನಲವತ್ತು ಜನರೆದುರು:
"ನಿನ್ನ ದನಿ ಸಂತ್ಯಾಗ ಉಳ್ಳಾಗಡ್ಡಿ ಮಾರಾಕ ಛಲೋ."
ಎಲ್ಲ ನಕ್ಕರು. ನಾನೂ ನಕ್ಕೆ.
ನನ್ನವ್ವ ಉಳ್ಳಾಗಡ್ಡಿಯನ್ನೇ ಮಾರುತ್ತಿದ್ದಳು,
ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಏನಂತೆ.
ಅಂದಿನಿಂದ ಮೆಲುದನಿಯಲ್ಲೇ ಪಾಠ ಮಾಡಿದೆ.
ಹಿಂದಿನ ಸಾಲಿನವರು "ಕೇಳಸವಲ್ದ್ರೀ" ಅಂದಾಗೆಲ್ಲ
ನನಗೆ ಮಾತ್ರ ಆ ನಗು ಕೇಳಿಸುತ್ತಿತ್ತು.

ಅದಕ್ಕೇ ಮೊದಲು ಒಳ್ಳೆಯದು ಹೇಳುವ ರೂಢಿ.
"ರೊಟ್ಟಿ ತಂದಿದ್ದು ಛಲೋ ಆತು ನೋಡವಾ."
ತಲೆಯಾಡಿಸಿದಳು, "ಆದರ" ಬರುವುದನ್ನೇ ಕಾಯುತ್ತ.
ಇವರಿಗೆಲ್ಲ ಗೊತ್ತು, ಬೆಲ್ಲದೊಳಗೆ ಗುಳಿಗಿ.
"ಆದರ ಆ ಹುಡುಗ ಕಾರಣಾನೂ ಕೊಟ್ಟಿದ್ದ,
ನೀ ಬರೇ ಉತ್ತರ ಕೇಳಿಸಿಕೊಂಡಿ."
"ಇಲ್ರೀ ಮೇಡಂ, ನಾ ಹಂಗಂದದ್ದು ಯಾಕಂದ್ರ..."
"ತಡಿ, ನಂದು ಮುಗೀಲಿ."

ಬಾಯಿ ಮುಚ್ಚಿದಳು.
ಅವಳ ಹೆಬ್ಬೆರಳ ಉಗುರು ಕಟ್ಟೆಯ ಸಿಮೆಂಟಿನ ಮೇಲೆ
ಒಂದು ಗೆರೆ ಎಳೆಯಿತು.
ಮಗ್ಗ ನಿಂತಿತ್ತು. ಎಳೆ ಹರಿದಿರಬೇಕು.

ಪೆನ್ನಿಗೆ ಟೊಪ್ಪಿಗೆ ಹಾಕಿದೆ. "ಹೇಳವಾ, ಯಾಕಂದ್ರ?"
ಇರುವೆಯೊಂದು ರೊಟ್ಟಿಯ ಪುಡಿ ಹೊತ್ತು
ಅವಳ ಚೀಲದಿಂದ ಕಟ್ಟೆಯ ಅಂಚಿಗೆ ಹೋಗುವಷ್ಟು ಹೊತ್ತು.
"ಅವ ಅಂದದ್ದು ಒಂದ್ ಕ್ಷಣ ಖರೇನ ಅನಿಸ್ತ್ರೀ.
ಹೆಂಗ ತಿಳಿಸಿ ಹೇಳಬೇಕೋ ತಿಳೀಲಿಲ್ಲ, ಅಂಜಿದ್ನಿ.
ನಿಮ್ಮ ಕಡೆ ನೋಡಿದ್ನಿ.
ನೀವು ಬರಕೋತ ಇದ್ರಿ.
ಇಡೀ ತಾಸು ಒಮ್ಮೆನೂ ನನ್ನ ಕಡೆ ನೋಡಲಿಲ್ರೀ."

ಹೌದು. ಹುಡುಗನ ಬೆನ್ನು ನೋಡಿದ್ದೆ,
ಹೊಲಿಗೆ ಬಿಟ್ಟಿದ್ದನ್ನೂ ನೋಡಿದ್ದೆ.
ಇದಕ್ಕೆ ಹಾಳೆಯಲ್ಲಿ ಕಲಮಿಲ್ಲ.
"ತಪ್ಪಾತವಾ" ಅನ್ನಬೇಕು ಅನಿಸಿತು,
ಗಂಟಲಲ್ಲಿ ಬಂದು ಕೆಮ್ಮಾಯಿತು.
"ಅವನ ಹೆಸರೇನು?" ಕೇಳಿದೆ.
ಅವಳಿಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅವನೇ ನೀರಿನ ಟಾಕಿಯ ಹತ್ತಿರ,
ಪಾಟಿಚೀಲ ತಲೆಗೆ ಸಿಕ್ಕಿಸಿಕೊಂಡು ಹೊರಟಿದ್ದ.
"ಏಯ್ ತಮ್ಮಾ! ಬಾರೋ ಇಲ್ಲೆ!"
ಕಾಗೆ ಎದ್ದವು. ಮುಖ್ಯಗುರುಗಳು ಕಿಟಕಿಯಿಂದ ಇಣುಕಿದರು.
ನೀಲವ್ವ ನನ್ನನ್ನೇ ನೋಡಿದಳು, ಈ ದನಿ ಎಲ್ಲಿತ್ತು ಎಂಬಂತೆ.

ಅವನು ಬಂದು ನಿಂತ, ಬೈಸಿಕೊಳ್ಳಲು ತಯಾರಾಗಿ.
ಅವಳು ಉಳಿದ ರೊಟ್ಟಿ ಎರಡು ಕೈಯಲ್ಲಿ ಹಿಡಿದಳು,
ಒಂದರಲ್ಲಿ ಅರ್ಧ, ಒಂದರಲ್ಲಿ ಕಾಲು,
"ಹಸಿವಾಗೇತೇನು? ಯಾವುದು ಬೇಕು?"
ಹುಡುಗ ಎರಡನ್ನೂ ನೋಡಿದ, ನನ್ನನ್ನು ನೋಡಿದ,
ಬಹಳ ವಿಚಾರ ಮಾಡಿ ಕೇಳಿದ:

"ಶೇಂಗಾ ಚಟ್ನಿ ಐತೇನ್ರೀ?"